ಕಾರೋ-ಕಾನ್: ಗೋಡೆ ಕಟ್ಟಿಯಾಯ್ತು, ಇನ್ನು ಗೆಲ್ಲೋದು ಹೇಗೆ?

ಕೆಲವು ವರ್ಷಗಳ ಹಿಂದೆ ವಾರಾಂತ್ಯದ ಒಂದು ಓಪನ್ ಚೆಸ್ ಟೂರ್ನಿಯಲ್ಲಿ ಆರು ಸುತ್ತು ಆಡಿದೆ. ಮೂರು ಸಲ ಕಪ್ಪು ಕಾಯಿ ಬಂತು. ಮೂರೂ ಸಲ ಕಾರೋ-ಕಾನ್ ಆಡಿದೆ, ಮೂರೂ ಡ್ರಾ. ಒಂದರಲ್ಲೂ ಸೋಲುವ ಭಯ ಇರಲಿಲ್ಲ. ಮೂರನೆಯ ಡ್ರಾ ಮುಗಿಸಿ ಹೊರಗೆ ಟೀ ಕುಡಿಯುತ್ತಿದ್ದಾಗ ಪಕ್ಕದ ಬೋರ್ಡಿನಲ್ಲಿದ್ದ ಹಿರಿಯರೊಬ್ಬರು, "ನಿಮ್ದೇ ಚೆನ್ನಾಗಿತ್ತಲ್ಲ ಸಾರ್, ಯಾಕೆ ಒಪ್ಕೊಂಡ್ರಿ?" ಅಂದರು. "ಮುಂದೇನು ಆಡ್ಬೇಕು ಅಂತ ಹೊಳೀಲಿಲ್ಲ" ಅಂದೆ. ಅದು ನಿಜವೇ ಆಗಿತ್ತು.

ಹದಿನೈದು ನಡೆ ಬಾಯಿಪಾಠ ಬರುತ್ತಿತ್ತು. ಹದಿನಾರನೇ ನಡೆಗೆ ತಲೆ ಖಾಲಿ. ಗಟ್ಟಿ ಓಪನಿಂಗ್ ಆಡುವ ಬಹಳಷ್ಟು ಜನರ ಕಷ್ಟ ಇದೇ. ಸುಲಭಕ್ಕೆ ಸೋಲುವುದಿಲ್ಲ, ಹಾಗಂತ ಗೆಲ್ಲುವುದೂ ಇಲ್ಲ. ಆಮೇಲೆ ತಪ್ಪನ್ನು ಓಪನಿಂಗ್ ಮೇಲೆ ಹಾಕುತ್ತೇವೆ: "ಕಾರೋ-ಕಾನ್ ಡ್ರಾ ಆಟ ಬಿಡ್ರಿ, ಗೆಲ್ಬೇಕಂದ್ರೆ ಸಿಸಿಲಿಯನ್ ಆಡಿ." ನಾನೂ ಒಂದು ವರ್ಷ ಹಾಗೇ ಅಂದುಕೊಂಡು ಓಡಾಡಿದವನೇ. ಈಗ ನನ್ನ ಅಭಿಪ್ರಾಯ ಬೇರೆ. ಈ ಓಪನಿಂಗಿನಲ್ಲಿ ಗೆಲುವಿನ ಯೋಜನೆ ಇದ್ದೇ ಇದೆ, ಆದರೆ ಅದು ನಡೆಗಳ ಪಟ್ಟಿಯಲ್ಲಿ ಸಿಗುವುದಿಲ್ಲ. ಓಪನಿಂಗ್ ಮುಗಿದ ಮೇಲೆ ಬೋರ್ಡಿನಲ್ಲಿ ಉಳಿಯುವ ಕಾಲಾಳುಗಳ ರಚನೆಯಲ್ಲಿ ಅದನ್ನು ಹುಡುಕಬೇಕು. ಕಾರೋ-ಕಾನ್‌ನಲ್ಲಿ ಮುಖ್ಯವಾಗಿ ನಾಲ್ಕು ರಚನೆ ಬರುತ್ತವೆ. ಪ್ರತಿಯೊಂದಕ್ಕೂ ಅದರದೇ ಯೋಜನೆ ಇದೆ. ಅವನ್ನು ಒಂದೊಂದಾಗಿ ನೋಡೋಣ.

ಹೆಸರುಗಳ ಬಗ್ಗೆ ಒಂದು ಮಾತು. ಒಂಟೆ ಅಂದರೆ ಬಿಷಪ್, ಕುದುರೆ ಅಂದರೆ ನೈಟ್, ಆನೆ ಅಂದರೆ ರೂಕ್, ಕಾಲಾಳು ಅಂದರೆ ಪಾನ್. ಉದ್ದುದ್ದ ಸಾಲುಗಳು ಎ ಇಂದ ಎಚ್ ತನಕ, ಬಿಳಿಯ ಕಡೆಯಿಂದ ಎಣಿಸಿದರೆ ಅಡ್ಡಸಾಲುಗಳು 1ರಿಂದ 8. ಬರೀ ಮನೆಯ ಹೆಸರಿದ್ದರೆ ಅದು ಕಾಲಾಳಿನ ನಡೆ. ಬೋರ್ಡ್ ಮುಂದಿಟ್ಟುಕೊಂಡು ಓದಿದರೆ ಒಳ್ಳೆಯದು.

ಏನಿದು ಕಾರೋ-ಕಾನ್?

1. ಇ4 ಸಿ6 2. ಡಿ4 ಡಿ5. ಇಷ್ಟೇ.

ಬಿಳಿ ನಡುಮನೆ ಹಿಡಿಯಿತು. ಕಪ್ಪು ಮೊದಲು ಸಿ6 ಆಡಿ ಆಧಾರ ಕೊಟ್ಟು, ಆಮೇಲೆ ಡಿ5 ಆಡಿ ಆ ನಡುಮನೆಯನ್ನೇ ಪ್ರಶ್ನಿಸಿತು. ಫ್ರೆಂಚ್ ಡಿಫೆನ್ಸಿನಲ್ಲಿ ಇದೇ ಕೆಲಸವನ್ನು ಇ6 ಮಾಡುತ್ತದೆ, ಆದರೆ ಅಲ್ಲಿ ಸಿ8ರ ಒಂಟೆ ತನ್ನ ಕಾಲಾಳುಗಳ ಹಿಂದೆಯೇ ಸಿಕ್ಕಿಹಾಕಿಕೊಳ್ಳುತ್ತದೆ. ಇಲ್ಲಿ ಅದಕ್ಕೆ ದಾರಿ ತೆರೆದಿರುತ್ತದೆ. ಒಂಟೆ ಎಫ್5 ಅಥವಾ ಜಿ4ಕ್ಕೆ ಹೊರಟ ಮೇಲೆ ಇ6 ಆಡಿ ಬಾಗಿಲು ಹಾಕಿಕೊಂಡರಾಯಿತು.

ಇದಕ್ಕೆ ಬೆಲೆಯೂ ಇದೆ. ಕುದುರೆಗೆ ಸಹಜವಾದ ಸಿ6 ಮನೆಯಲ್ಲಿ ಕಾಲಾಳು ಕೂತಿದೆ. ಮುಂದೆ ಸಿ5 ಆಡಬೇಕಾದಾಗ ಅದೇ ಕಾಲಾಳು ಎರಡು ನಡೆಯಲ್ಲಿ ಅಲ್ಲಿಗೆ ಹೋದಂತಾಗುತ್ತದೆ, ಅಂದರೆ ಒಂದು ನಡೆ ನಷ್ಟ. ಇದನ್ನು ನೆನಪಿಡಿ, ಯಾಕೆಂದರೆ ಕಪ್ಪಿನ ಮುಕ್ಕಾಲು ಪಾಲು ಯೋಜನೆಗಳು "ಸಿ5 ಯಾವಾಗ?" ಅನ್ನೋ ಪ್ರಶ್ನೆಯ ಸುತ್ತಲೇ ಇವೆ.

ಹೆಸರು ಬಂದದ್ದು ಇಬ್ಬರಿಂದ: ಬರ್ಲಿನ್‌ನಲ್ಲಿದ್ದ ಇಂಗ್ಲಿಷ್ ಆಟಗಾರ ಹೊರಾಷಿಯೊ ಕಾರೋ ಮತ್ತು ವಿಯೆನ್ನಾದ ಮಾರ್ಕಸ್ ಕಾನ್. 1886ರಲ್ಲಿ ಅವರ ವಿಶ್ಲೇಷಣೆ ಪ್ರಕಟವಾಯಿತು. ಅದಕ್ಕೂ ಹಿಂದಿನ ವರ್ಷ, 1885ರಲ್ಲಿ, ಹ್ಯಾಂಬರ್ಗ್‌ನಲ್ಲಿ ಕಾನ್ ಇದೇ ಆಟದಿಂದ ಜಾಕ್ ಮೀಸೆಸ್‌ರನ್ನು 24 ನಡೆಗಳಲ್ಲಿ ಸೋಲಿಸಿದ್ದರು. ಮುಂದೆ ಕಪಾಬ್ಲಾಂಕ, ಬೋಟ್ವಿನ್ನಿಕ್, ಪೆಟ್ರೋಸಿಯನ್, ಕಾರ್ಪೋವ್ ಇದನ್ನು ಆಡಿದರು. ನಾಲ್ವರೂ ವಿಶ್ವ ಚಾಂಪಿಯನ್ನರು. 1958ರಲ್ಲಿ ಬೋಟ್ವಿನ್ನಿಕ್ ಸ್ಮಿಸ್ಲಾವ್‌ರಿಂದ ಪಟ್ಟ ವಾಪಸ್ ಪಡೆದ ಪಂದ್ಯದ ಮೊದಲ ಆಟವನ್ನು ಗೆದ್ದದ್ದೇ ಕಪ್ಪು ಕಾಯಿಯಲ್ಲಿ, ಕಾರೋ-ಕಾನ್ ಆಡಿ. ಬರೀ ಡ್ರಾಕ್ಕೆ ಆಡುವ ಓಪನಿಂಗ್ ಆಗಿದ್ದರೆ ಇವರಿಗೆ ಇದು ಯಾಕೆ ಬೇಕಿತ್ತು?

ಮೊದಲ ರಚನೆ: ಬಿಳಿ ಮುಂದೆ ತಳ್ಳಿದಾಗ (3. ಇ5)

ಇದನ್ನು ಅಡ್ವಾನ್ಸ್ ಅನ್ನುತ್ತಾರೆ. ಬಿಳಿಗೆ ಜಾಗ ಹೆಚ್ಚು ಸಿಕ್ಕಿತು. ಆದರೆ ಇ5 ಕಾಲಾಳಿನ ಬುಡ ಡಿ4ರಲ್ಲಿದೆ. ಮರ ಕಡಿಯುವವರು ಬುಡಕ್ಕೆ ಕೊಡಲಿ ಹಾಕುತ್ತಾರೆ, ಇಲ್ಲೂ ಹಾಗೇ. 3... ಒಂಟೆ ಎಫ್5, ಆಮೇಲೆ ಇ6, ಆಮೇಲೆ ಸಿ5. ಕುದುರೆ ಸಿ6ಕ್ಕೆ, ರಾಣಿ ಬಿ6ಕ್ಕೆ, ಇನ್ನೊಂದು ಕುದುರೆ ಇ7 ಅಥವಾ ಎಚ್6 ಮೂಲಕ ಎಫ್5ಕ್ಕೆ. ಎಲ್ಲರ ಕಣ್ಣೂ ಡಿ4ರ ಮೇಲೆ.

ಮೀಸೆಸ್ ವಿರುದ್ಧ ಕಾನ್ ಮಾಡಿದ್ದು ಇದನ್ನೇ. ಬಿಳಿ 4. ಒಂಟೆ ಡಿ3 ಆಡಿ ಒಂಟೆಗಳನ್ನು ವಿನಿಮಯ ಮಾಡಿಕೊಂಡಿತು. ನೋಡಲು ಸಹಜ ನಡೆ. ಆದರೆ ಬಿಳಿಯ ಕಾಲಾಳುಗಳು ಡಿ4, ಇ5ರಲ್ಲಿ, ಅಂದರೆ ಕಪ್ಪು ಮನೆಗಳಲ್ಲಿ ನಿಂತಿವೆ. ಹಾಗಾಗಿ ಬಿಳಿ ಮನೆಗಳಲ್ಲಿ ಓಡಾಡುವ ಆ ಒಂಟೆಯೇ ಬಿಳಿಯ ಚುರುಕು ಕಾಯಿ. ಅದನ್ನೇ ಕೊಟ್ಟರೆ ಎಫ್5 ಮನೆ ಕಪ್ಪು ಕುದುರೆಗೆ ಖಾಯಂ ವಿಳಾಸ ಆಗುತ್ತದೆ. ಕಾನ್ ಅಲ್ಲಿಗೇ ಕುದುರೆ ತಂದರು, ಸಿ ಸಾಲಿಗೆ ಆನೆ ತಂದರು, 13ನೇ ನಡೆಯಲ್ಲಿ ಇನ್ನೊಂದು ಕುದುರೆಯಿಂದ ಡಿ4 ಕಾಲಾಳನ್ನು ಹೊಡೆದರು. 17ನೇ ನಡೆಗೆ ಕಪ್ಪು ಆನೆ ಸಿ1ಕ್ಕೆ ನುಗ್ಗಿತು. ಆಗಲೂ ಬಿಳಿಯ ರಾಣಿ ಕಡೆಯ ಆನೆ, ಕುದುರೆ ಹುಟ್ಟಿದ ಮನೆ ಬಿಟ್ಟು ಕದಲಿರಲಿಲ್ಲ.

42 ವರ್ಷಗಳ ಬಳಿಕ, 1927ರ ನ್ಯೂಯಾರ್ಕ್ ಟೂರ್ನಿಯಲ್ಲಿ, ನಿಮ್ಜೊವಿಚ್ ಕೂಡ ಕಪಾಬ್ಲಾಂಕ ವಿರುದ್ಧ ಅದೇ 4. ಒಂಟೆ ಡಿ3 ಆಡಿದರು. ಕಪಾಬ್ಲಾಂಕ ಅವಸರ ಮಾಡಲಿಲ್ಲ. ಇ6, ರಾಣಿ ಬಿ6, ಸಿ5, ಕುದುರೆ ಇ7ರಿಂದ ಎಫ್5. ಬಿಳಿ ಜಿ4 ತಳ್ಳಿ ಕುದುರೆಯನ್ನು ಓಡಿಸಲು ಹೋಯಿತು. ಕುದುರೆ ಇ3ರ ಒಂಟೆಯನ್ನು ಹೊಡೆಯಿತು, ಮರುನಡೆಯಲ್ಲೇ ಎಚ್5 ಬಂತು. ಬಿಳಿ ಜಿ5 ತಳ್ಳಬೇಕಾಯಿತು, ಎಫ್5 ಮನೆಯ ಮೇಲೆ ಅದಕ್ಕಿದ್ದ ಹಿಡಿತ ಹೋಯಿತು. ಅಲ್ಲಿಂದ ಮುಂದೆ ಕಪ್ಪು ಆನೆಗಳು ಸಿ ಸಾಲಿನಿಂದ ಸಿ4ಕ್ಕೆ, ಇ4ಕ್ಕೆ ಇಳಿದವು. ಕೊನೆಗೆ ಎರಡೂ ಕಡೆ ರಾಣಿ ಮತ್ತು ಒಂದೊಂದು ಆನೆ ಉಳಿದಾಗ ಕಪ್ಪು ರಾಣಿ ಎಚ್1ರ ತನಕ ಹೋಗಿ ಬಿಳಿ ರಾಜನ ಬೆನ್ನಿಗೆ ನಿಂತಿತ್ತು. ಬಿಳಿಗೆ ಆಡಲು ಒಳ್ಳೆಯ ನಡೆ ಒಂದೂ ಇಲ್ಲ. ಏನು ಆಡಿದರೂ ಕೆಡುತ್ತದೆ. ಈ ಆಟದಲ್ಲಿ ಕಣ್ಣು ಕುಕ್ಕುವ ಬಲಿದಾನ ಒಂದೂ ಇಲ್ಲ. ನನಗೆ ಕಾರೋ-ಕಾನ್ ಏನೆಂದು ಅರ್ಥ ಆಗಿದ್ದು ಇದನ್ನು ನಾಲ್ಕೈದು ಸಲ ಆಡಿ ನೋಡಿದ ಮೇಲೆ.

ಇವತ್ತಿನ ಬಿಳಿ ಆಟಗಾರರು ಇಷ್ಟು ಸುಲಭಕ್ಕೆ ಸಿಗುವುದಿಲ್ಲ. 4. ಕುದುರೆ ಎಫ್3, ಒಂಟೆ ಇ2 ಆಡಿ ಶಾಂತವಾಗಿ ಕೋಟೆ ಕಟ್ಟಿಕೊಳ್ಳುತ್ತಾರೆ. ಆಗಲೂ ಗುರಿ ಸಿ5ವೇ, ತಯಾರಿ ಸ್ವಲ್ಪ ಹೆಚ್ಚು ಬೇಕಷ್ಟೇ. ಇನ್ನು ಕೆಲವರು 4. ಎಚ್4 ಆಡುತ್ತಾರೆ. ಇಲ್ಲಿ ಜೋಪಾನ. ಅಭ್ಯಾಸಬಲದಿಂದ ಇ6 ಆಡಿದರೆ ಜಿ4, ಒಂಟೆ ಇ4ಕ್ಕೆ ಓಡಿದರೆ ಎಫ್3, ಜಿ6ಕ್ಕೆ ಓಡಿದರೆ ಎಚ್5. ಒಂಟೆ ಬೋರ್ಡಿನ ನಡುವೆಯೇ ಸಿಕ್ಕಿಬಿತ್ತು. 4... ಎಚ್5 ಆಡಿ ಅಲ್ಲೇ ತಡೆಯಿರಿ.

ಎರಡನೇ ರಚನೆ: ಕ್ಲಾಸಿಕಲ್ (3. ಕುದುರೆ ಸಿ3)

ಕಪ್ಪು ಇ4ರಲ್ಲಿ ಹೊಡೆಯುತ್ತದೆ, ಬಿಳಿ ಕುದುರೆಯಿಂದ ವಾಪಸ್ ಹೊಡೆಯುತ್ತದೆ. 4... ಒಂಟೆ ಎಫ್5, 5. ಕುದುರೆ ಜಿ3 ಒಂಟೆ ಜಿ6, 6. ಎಚ್4 ಎಚ್6, 7. ಕುದುರೆ ಎಫ್3 ಕುದುರೆ ಡಿ7, 8. ಎಚ್5 ಒಂಟೆ ಎಚ್7, 9. ಒಂಟೆ ಡಿ3. ಒಂಟೆಗಳು ವಿನಿಮಯ ಆದವು. ಉಳಿದದ್ದೇನು? ನಡುವಿನಲ್ಲಿ ಬಿಳಿಗೆ ಡಿ4, ಕಪ್ಪಿಗೆ ಸಿ6 ಮತ್ತು ಇ6. ಬಿಳಿಗೆ ಜಾಗ ಹೆಚ್ಚು. ಎಚ್5ರಲ್ಲಿ ಬಿಳಿಯ ಕಾಲಾಳು ಬಹಳ ಮುಂದೆ ಬಂದು ಕೂತಿದೆ.

ಈ ಎಚ್5 ಕಾಲಾಳಿಗೆ ಎರಡು ಮುಖ. ಕಾಯಿಗಳೆಲ್ಲ ಇರುವಾಗ ಅದು ಕಪ್ಪು ರಾಜನ ಎದೆಗೆ ಇಟ್ಟ ಕೈ. ಕಾಯಿಗಳು ಕಮ್ಮಿ ಆದಂತೆ ಅದೇ ಬಿಳಿಯ ತಲೆನೋವು. ಅದು ನಿಂತಿರುವುದು ಬಿಳಿ ಮನೆಯಲ್ಲಿ, ಬಿಳಿ ಮನೆಯ ಒಂಟೆ ಹೋಗಿಯಾಗಿದೆ. ಕಾಯಬೇಕೆಂದರೆ ಆನೆಯನ್ನೋ ರಾಣಿಯನ್ನೋ ಕುದುರೆಯನ್ನೋ ಕಟ್ಟಿಹಾಕಬೇಕು.

ಹಾಗಾಗಿ ಕಪ್ಪಿನ ಯೋಜನೆ ಇದು. ಮೊದಲು ಬಿಳಿಯ ಡಿ5 ತಳ್ಳುವಿಕೆ ಮತ್ತು ಕುದುರೆ ಇ5ರ ಮೇಲೆ ನಿಗಾ. ಕೋಟೆ ಕಟ್ಟಿಕೊಂಡ ಮೇಲೆ ಸಿ5 ಆಡಿ ಡಿ4ನ್ನು ಕರಗಿಸುವುದು. ಆಮೇಲೆ ಆನೆಗಳನ್ನು ಡಿ ಸಾಲಿನಲ್ಲಿ ಎದುರಿಗೆ ತಂದು ಆಟವನ್ನು ಎಂಡ್‌ಗೇಮ್ ಕಡೆ ಎಳೆಯುವುದು. ಜಾಗ ಕಮ್ಮಿ ಇದ್ದವರು ಕಾಯಿ ವಿನಿಮಯ ಮಾಡಿಕೊಳ್ಳಬೇಕು ಅನ್ನೋ ಹಳೆಯ ಮಾತು ಇಲ್ಲಿ ಎರಡು ಪಟ್ಟು ನಿಜ, ಯಾಕೆಂದರೆ ಪ್ರತಿ ವಿನಿಮಯವೂ ಎಚ್5ನ್ನು ಇನ್ನಷ್ಟು ಒಂಟಿ ಮಾಡುತ್ತದೆ.

ಇದೇ ರಚನೆಯ ಇನ್ನೊಂದು ಕವಲು 4... ಕುದುರೆ ಎಫ್6. ಬಿಳಿ ಅಲ್ಲಿ ಹೊಡೆದರೆ ಕಪ್ಪು ಇ ಕಾಲಾಳಿನಿಂದ ವಾಪಸ್ ಹೊಡೆಯಬಹುದು. ಆಗ ಎಫ್ ಸಾಲಿನಲ್ಲಿ ಕಪ್ಪಿಗೆ ಜೋಡಿ ಕಾಲಾಳು. ಇಲ್ಲಿ ಲೆಕ್ಕ ತಿರುಗಾಮುರುಗಾ. ರಾಣಿ ಕಡೆ ಬಿಳಿಗೆ ನಾಲ್ಕು, ಕಪ್ಪಿಗೆ ಮೂರು. ಆ ನಾಲ್ಕರಿಂದ ಬಿಳಿ ದಾಟು ಕಾಲಾಳು ಮಾಡಿಕೊಳ್ಳಬಲ್ಲದು. ಕಪ್ಪಿಗೆ ರಾಜನ ಕಡೆ ನಾಲ್ಕಕ್ಕೆ ಮೂರು ಇದ್ದರೂ ಎರಡು ಒಂದೇ ಸಾಲಿನಲ್ಲಿ ಇರುವುದರಿಂದ ಅಷ್ಟು ಸುಲಭವಾಗಿ ದಾಟು ಕಾಲಾಳು ಹುಟ್ಟುವುದಿಲ್ಲ. ಬರೀ ಕಾಲಾಳುಗಳ ಎಂಡ್‌ಗೇಮ್ ಬಂದರೆ ಸಾಮಾನ್ಯವಾಗಿ ಕಪ್ಪಿಗೇ ಪೆಟ್ಟು. ಆದ್ದರಿಂದ ಇಲ್ಲಿ ಕಾಯಿ ವಿನಿಮಯ ಬೇಡ, ದಾಳಿ ಬೇಕು: ಒಂಟೆ ಡಿ6ಕ್ಕೆ, ಆನೆ ಇ8ಕ್ಕೆ, ರಾಣಿ ಸಿ7ಕ್ಕೆ, ಎಚ್ ಕಾಲಾಳು ಎಚ್5, ಎಚ್4 ಅಂತ ಮುಂದಕ್ಕೆ. ಇನ್ನೂ ಕಾವು ಬೇಕಿದ್ದರೆ ಜಿ ಕಾಲಾಳಿನಿಂದ ಹೊಡೆಯುವ ದಾರಿಯಿದೆ. ಡೆನ್ಮಾರ್ಕಿನ ಬೆಂಟ್ ಲಾರ್ಸೆನ್ ಆಡುತ್ತಿದ್ದದ್ದು ಅದನ್ನು. ಒಂದೇ ಓಪನಿಂಗ್, ನಾಲ್ಕನೇ ನಡೆಯ ಆಯ್ಕೆಯಿಂದ ಯೋಜನೆ ಪೂರ್ತಿ ಉಲ್ಟಾ. "ಕಾರೋ-ಕಾನ್‌ನಲ್ಲಿ ಕಾಯಿ ವಿನಿಮಯ ಮಾಡ್ತಾ ಹೋಗು" ಅಂತ ಯಾರಾದರೂ ಹೇಳಿದರೆ ಕೇಳಿ: ಯಾವ ರಚನೆಯಲ್ಲಿ?

ಮೂರನೇ ರಚನೆ: ಎಕ್ಸ್‌ಚೇಂಜ್ (3. ಇ ಕಾಲಾಳು ಡಿ5 ಹೊಡೆತ)

ನನ್ನ ಮೂರನೆಯ ಡ್ರಾ ಇದೇ ರಚನೆಯಲ್ಲಿ ಆದದ್ದು. ಹಾಗಾಗಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

3. ಬಿಳಿ ಡಿ5ರಲ್ಲಿ ಹೊಡೆಯುತ್ತದೆ, ಕಪ್ಪು ಸಿ ಕಾಲಾಳಿನಿಂದ ವಾಪಸ್. ಆಮೇಲೆ 4. ಒಂಟೆ ಡಿ3 ಕುದುರೆ ಸಿ6, 5. ಸಿ3 ಕುದುರೆ ಎಫ್6, 6. ಒಂಟೆ ಎಫ್4 ಒಂಟೆ ಜಿ4, 7. ರಾಣಿ ಬಿ3 ರಾಣಿ ಡಿ7. ನೋಡಲು ಎರಡೂ ಕಡೆ ಸಮಸಮ. ಬಿಳಿ ಆಟಗಾರರು "ಬೋರ್ ಆಗಲಿ, ಸೇಫಾಗಿರಲಿ" ಅಂತ ಆಡುವ ದಾರಿ ಇದು. ಆದರೆ ಕಾಲಾಳು ಎಣಿಸಿ ನೋಡಿ. ರಾಣಿ ಕಡೆ ಬಿಳಿಗೆ ಎ, ಬಿ, ಸಿ ಮೂರು. ಕಪ್ಪಿಗೆ ಎ, ಬಿ ಎರಡು. ಸಿ ಸಾಲು ಕಪ್ಪು ಆನೆಗೆ ಅರ್ಧ ತೆರೆದಿದೆ, ಇ ಸಾಲು ಬಿಳಿ ಆನೆಗೆ.

ಎರಡು ಇರುವ ಕಡೆ ಮೂರರ ಮೇಲೆ ದಾಳಿ ಮಾಡುವುದು ಹುಚ್ಚು ಅನ್ನಿಸುತ್ತದೆ. ಗೆಲುವಿನ ಯೋಜನೆ ಮಾತ್ರ ಅದೇ. ಇದಕ್ಕೆ ಅಲ್ಪಸಂಖ್ಯೆಯ ದಾಳಿ ಅನ್ನಬಹುದು, ಚೆಸ್ ಲೋಕದಲ್ಲಿ ಮೈನಾರಿಟಿ ಅಟ್ಯಾಕ್ ಅಂತಲೇ ಹೆಸರು. ಹಂತಗಳು ಹೀಗಿವೆ:

— ಇ6 ಆಡಿ. ಜಿ4ರ ಒಂಟೆಯನ್ನು ಎಫ್3ರ ಕುದುರೆಗೆ ಕೊಡಿ. ಇನ್ನೊಂದು ಒಂಟೆಯನ್ನು ಡಿ6ಕ್ಕೆ ತಂದು ಬಿಳಿಯ ಎಫ್4 ಒಂಟೆ ಜೊತೆ ವಿನಿಮಯ ಮಾಡಿ. ಬಿಳಿಯ ದಾಳಿಗೆ ಬೇಕಾದ ಕಾಯಿಗಳು ಇವೇ, ಅವು ಮೊದಲು ಹೋಗಲಿ.

— ಕೋಟೆ ಕಟ್ಟಿ. ಆನೆಯನ್ನು ಬಿ8ಕ್ಕೆ ತನ್ನಿ, ಬೇಕಿದ್ದರೆ ಎ6 ಆಡಿ ಆಧಾರ ಕೊಡಿ. ಬಿ5, ಆಮೇಲೆ ಬಿ4.

— ಬಿಳಿ ಬಿ4ರಲ್ಲಿ ಹೊಡೆದರೆ ಡಿ4 ಕಾಲಾಳು ಒಂಟಿಯಾಗುತ್ತದೆ. ಹೊಡೆಯದಿದ್ದರೆ ನೀವೇ ಸಿ3ರಲ್ಲಿ ಹೊಡೆಯಿರಿ. ಬಿಳಿ ಬಿ ಕಾಲಾಳಿನಿಂದ ವಾಪಸ್ ಹೊಡೆಯಬೇಕು. ಆಗ ಸಿ3 ಹಿಂದುಳಿದ ಕಾಲಾಳು, ಅದನ್ನು ಕಾಯಲು ಬೇರೆ ಕಾಲಾಳಿಲ್ಲ. ನಿಮ್ಮ ಆನೆಗಳು ಸಿ ಸಾಲಿಗೆ, ಕುದುರೆ ಎ5 ಮೂಲಕ ಸಿ4ಕ್ಕೆ.

— ಬಿಳಿ ತಾನೇ ಮೊದಲು ಬಿ4 ಆಡಿ ತಡೆದರೆ? ಸಿ4 ಮನೆ ನಿಮ್ಮದು. ಎಫ್6ರ ಕುದುರೆ ಡಿ7, ಬಿ6 ದಾರಿಯಾಗಿ ಅಲ್ಲಿಗೆ ಹೋಗಿ ಕೂರಲಿ. ಓಡಿಸಲು ಬಿಳಿಗೆ ಬಿ ಕಾಲಾಳಿಲ್ಲ.

ನನ್ನ ಆಟದಲ್ಲಿ ಒಂಟೆಗಳ ವಿನಿಮಯ ಆಗಿತ್ತು, ಆನೆ ಬಿ8ರಲ್ಲಿತ್ತು. ನಾನು ಮಾಡಿದ್ದೇನು? ಆ ಆನೆಯನ್ನು ಎತ್ತಿ ಇ8ಕ್ಕೆ ಇಟ್ಟೆ, ಯಾಕೆಂದರೆ ಬಿಳಿ ಆನೆ ಇ ಸಾಲಿಗೆ ಬಂದಿತ್ತು. ಎದುರಾಳಿ ಎಲ್ಲಿಗೆ ಹೋದರೆ ನಾನೂ ಅಲ್ಲಿಗೆ. ಎರಡು ನಡೆ ಆದ ಮೇಲೆ ಅವರು ಡ್ರಾ ಕೇಳಿದರು, ಕೈ ಕೊಟ್ಟೆ. ಬಿ5 ಅನ್ನೋ ನಡೆ ನನ್ನ ಕಣ್ಣಿಗೇ ಬಿದ್ದಿರಲಿಲ್ಲ. ರಾಜನ ಮುಂದೆ ಅಲ್ಲದಿದ್ದರೂ ಕಾಲಾಳು ಕದಲಿಸಲು ಏನೋ ಅಳುಕು. ಗಟ್ಟಿ ಆಟ ಅಂದರೆ ಏನನ್ನೂ ಮುಟ್ಟಬಾರದು ಅಂತ ತಿಳಿದಿದ್ದೆ.

ಬಿಳಿಗೂ ಇಲ್ಲಿ ಯೋಜನೆ ಇದೆ, ಮರೆಯಬೇಡಿ. 1970ರಲ್ಲಿ ಬೆಲ್‌ಗ್ರೇಡ್‌ನಲ್ಲಿ ಸೋವಿಯತ್ ಒಕ್ಕೂಟ ಒಂದು ಕಡೆ, ಉಳಿದ ಜಗತ್ತು ಒಂದು ಕಡೆ ಆಡಿದ ಪಂದ್ಯದಲ್ಲಿ ಫಿಷರ್ ಇದೇ ರಚನೆಯಿಂದ ಪೆಟ್ರೋಸಿಯನ್‌ರನ್ನು ಸೋಲಿಸಿದರು. ಇ5ರಲ್ಲಿ ಕುದುರೆ ಕೂರಿಸಿ, ಎಫ್4, ಆಮೇಲೆ ಎಫ್5 ತಳ್ಳಿ ರಾಜನ ಕಡೆ ಬಾಗಿಲು ಒಡೆದರು. ರಕ್ಷಣೆಗೆ ಪೆಟ್ರೋಸಿಯನ್‌ಗಿಂತ ದೊಡ್ಡ ಹೆಸರಿಲ್ಲ. ಅವರಿಗೇ ಹೀಗಾದರೆ ಸುಮ್ಮನೆ ಕಾಯುತ್ತಾ ಕೂರುವುದು ನಮ್ಮಂಥವರಿಗೆ ಸುರಕ್ಷಿತ ಹೇಗಾದೀತು?

ನಾಲ್ಕನೇ ರಚನೆ: ಒಂಟಿ ಕಾಲಾಳು (ಪಾನೋವ್)

ಡಿ5ರಲ್ಲಿ ವಿನಿಮಯ ಆದ ಮೇಲೆ ಬಿಳಿ 4. ಸಿ4 ಆಡಿದರೆ ಅದು ಪಾನೋವ್ ದಾಳಿ. 4... ಕುದುರೆ ಎಫ್6, 5. ಕುದುರೆ ಸಿ3 ಇ6, 6. ಕುದುರೆ ಎಫ್3 ಒಂಟೆ ಇ7, 7. ಬಿಳಿ ಡಿ5ರಲ್ಲಿ ಹೊಡೆತ, ಕುದುರೆ ವಾಪಸ್ ಹೊಡೆತ. ಈಗ ಬಿಳಿಯ ಡಿ4 ಕಾಲಾಳಿಗೆ ಅಕ್ಕಪಕ್ಕದ ಸಾಲಿನಲ್ಲಿ ಜೊತೆಗಾರರಿಲ್ಲ.

ಒಂಟಿ ಕಾಲಾಳು ಇರುವವರು ದಾಳಿ ಮಾಡಬೇಕು, ಅದರ ಎದುರಿರುವವರು ದಾಳಿಯ ಕಾವು ಆರಿಸಬೇಕು. ನಿಮ್ಮ ಕೆಲಸ ಮೂರು. ಒಂದು, ಡಿ5ರಲ್ಲಿ ಕುದುರೆ ಕೂರಿಸಿ ಕಾಲಾಳು ಮುಂದೆ ಬರದಂತೆ ತಡೆಯುವುದು. ಎರಡು, ಕುದುರೆ, ಒಂಟೆಗಳನ್ನು ಒಂದೊಂದಾಗಿ ವಿನಿಮಯ ಮಾಡುವುದು. ಮೂರು, ಆನೆ ಮತ್ತು ರಾಣಿಯನ್ನು ಉಳಿಸಿಕೊಂಡು ಡಿ4ರ ಮೇಲೆ ಭಾರ ಹೇರುವುದು. ಎಲ್ಲವನ್ನೂ ವಿನಿಮಯ ಮಾಡಿಬಿಟ್ಟರೆ ಆ ಕಾಲಾಳಿಗೆ ಹೊಡೆಯುವವರೇ ಇರುವುದಿಲ್ಲ, ಆಟ ಡ್ರಾ.

ಇದನ್ನು ಕಲಿಯಲು ನಾನು ಹೇಳುವ ಆಟ ಕಾರೋ-ಕಾನ್‌ನಿಂದ ಬಂದದ್ದಲ್ಲ, ಆದರೆ ರಚನೆ ಅದೇ. 1981ರಲ್ಲಿ ಇಟಲಿಯ ಮೆರಾನೊದಲ್ಲಿ ನಡೆದ ವಿಶ್ವ ಚಾಂಪಿಯನ್‌ಷಿಪ್‌ನ ಒಂಬತ್ತನೇ ಆಟ, ಕೊರ್ಚ್‌ನಾಯ್ ಬಿಳಿ, ಕಾರ್ಪೋವ್ ಕಪ್ಪು. ಕಾರ್ಪೋವ್ ಸಣ್ಣ ಕಾಯಿಗಳನ್ನೆಲ್ಲ ಒಂದೊಂದಾಗಿ ವಿನಿಮಯ ಮಾಡಿದರು. ಡಿ ಸಾಲಿನಲ್ಲಿ ಆನೆ, ರಾಣಿ, ಆನೆ ಒಂದರ ಹಿಂದೊಂದು ನಿಂತವು. ಬಿಳಿಯ ಕಾಯಿಗಳೆಲ್ಲ ಡಿ4ಕ್ಕೆ ಕಾವಲು. ಆಗ ಕಾರ್ಪೋವ್ ರಾಣಿ ಕಡೆ ಇನ್ನೊಂದು ತೊಂದರೆ ಹುಟ್ಟುಹಾಕಿದರು, 35ನೇ ನಡೆಯಲ್ಲಿ ಇ5 ತಳ್ಳಿದರು. 43ನೇ ನಡೆಗೆ ಕೊರ್ಚ್‌ನಾಯ್ ಸೋಲೊಪ್ಪಿಕೊಂಡರು. ಒಂದು ದೌರ್ಬಲ್ಯವನ್ನು ಎದುರಾಳಿ ಕಾಯಬಲ್ಲರು. ಎರಡನೆಯದು ಹುಟ್ಟಿದಾಗ ಅವರ ಕಾಯಿಗಳು ಎರಡು ಕಡೆ ಓಡಬೇಕು. ಎಂಡ್‌ಗೇಮ್‌ನಲ್ಲಿ ಗೆಲುವು ಬರುವುದು ಬಹುತೇಕ ಹೀಗೇ.

ಗಟ್ಟಿ ಅಂದರೆ ಕಣ್ಣು ಮುಚ್ಚಿ ಆಡುವುದಲ್ಲ

ಯೋಜನೆ ಗೊತ್ತಿದ್ದರೆ ನಡೆಗಳ ಕ್ರಮ ಬೇಡ ಅಂತಲ್ಲ. 4... ಕುದುರೆ ಡಿ7 ಆಡುವವರಿಗೆ ಒಂದು ಎಚ್ಚರಿಕೆ: ಬಿಳಿ 5. ರಾಣಿ ಇ2 ಆಡಿದಾಗ ಮಾಮೂಲಿನಂತೆ ಇನ್ನೊಂದು ಕುದುರೆಯನ್ನು ಎಫ್6ಕ್ಕೆ ಬಿಟ್ಟರೆ 6. ಕುದುರೆ ಡಿ6, ಚೆಕ್‌ಮೇಟ್. ಇ7 ಕಾಲಾಳು ರಾಜನ ಮುಂದೆ ಕಟ್ಟಿಬಿದ್ದಿದೆ, ಹೊಡೆಯಲಾಗದು.

ದೊಡ್ಡವರೂ ಜಾರಿದ್ದಾರೆ. 1997ರ ಮೇ 11ರಂದು ಡೀಪ್ ಬ್ಲೂ ಕಂಪ್ಯೂಟರ್ ವಿರುದ್ಧದ ಆರನೇ ಆಟದಲ್ಲಿ ಕಾಸ್ಪರೋವ್ ಇದೇ ಕವಲಿನಲ್ಲಿ 7... ಎಚ್6 ಆಡಿದರು. ಸರಿಯಾದ ನಡೆ ಒಂಟೆ ಡಿ6. ಕಂಪ್ಯೂಟರ್ ಕುದುರೆಯನ್ನು ಇ6ರಲ್ಲಿ ಬಲಿ ಕೊಟ್ಟಿತು, ಕಪ್ಪು ರಾಜ ನಡುವೆಯೇ ಸಿಕ್ಕಿಬಿದ್ದ, 19 ನಡೆಗೆ ಆಟ ಮುಗಿಯಿತು. ಪಂದ್ಯವೂ ಹೋಯಿತು. ಗೋಡೆ ಎಷ್ಟೇ ಗಟ್ಟಿಯಿದ್ದರೂ ಒಂದು ಇಟ್ಟಿಗೆ ಹಿಂದೆಮುಂದೆ ಆದರೆ ಕುಸಿಯುತ್ತದೆ.

ಬೋರ್ಡಿನ ಮುಂದೆ ಕೇಳಿಕೊಳ್ಳುವ ಪ್ರಶ್ನೆಗಳು

ಪಾಠದ ನಡೆಗಳು ಮುಗಿದ ಕೂಡಲೇ ನಾನು ಈಗ ಎರಡು ನಿಮಿಷ ಕೈ ಕಟ್ಟಿ ಕೂರುತ್ತೇನೆ. ಐದು ಪ್ರಶ್ನೆ:

1. ಇದು ನಾಲ್ಕರಲ್ಲಿ ಯಾವ ರಚನೆ?

2. ನನ್ನ ಕಾಲಾಳು ಎಲ್ಲಿ ತಳ್ಳಿದರೆ ಎದುರಿನ ರಚನೆ ಒಡೆಯುತ್ತದೆ? ಸಿ5, ಬಿ5, ಇ5, ಎಫ್6, ಇವುಗಳಲ್ಲಿ ಯಾವುದು?

3. ಯಾವ ಕಾಯಿ ವಿನಿಮಯ ನನಗೆ ಲಾಭ, ಯಾವುದು ನಷ್ಟ?

4. ನನ್ನ ಅತಿ ಸೋಮಾರಿ ಕಾಯಿ ಯಾವುದು, ಅದು ಎಲ್ಲಿಗೆ ಹೋಗಬೇಕು?

5. ಎದುರಾಳಿಗೆ ಮೂರು ನಡೆ ಬಿಟ್ಟುಕೊಟ್ಟರೆ ಏನು ಮಾಡುತ್ತಾರೆ?

ಐದನೆಯದಕ್ಕೆ ಉತ್ತರ "ಏನೂ ಇಲ್ಲ" ಅಂತಾದರೆ ನೀವು ಅವಸರಪಡಬೇಕಿಲ್ಲ, ಆದರೆ ಡ್ರಾ ಒಪ್ಪಲೂ ಬೇಕಿಲ್ಲ. ಗಟ್ಟಿ ಓಪನಿಂಗಿನ ನಿಜವಾದ ಲಾಭ ಇದೇ. ಯೋಚನೆ ಮಾಡಲು, ಕಾಯಿಗಳನ್ನು ಸರಿಯಾದ ಮನೆಗೆ ತರಲು ಅದು ನಿಮಗೆ ಸಮಯ ಕೊಡುತ್ತದೆ.

ಕಲಿಸುವವರಿಗೆ, ಅಪ್ಪ-ಅಮ್ಮಂದಿರಿಗೆ

2024ರ ಡಿಸೆಂಬರ್‌ನಲ್ಲಿ ಡಿ. ಗುಕೇಶ್ 18ರ ವಯಸ್ಸಿಗೆ ವಿಶ್ವ ಚಾಂಪಿಯನ್ ಆದ ಮೇಲೆ ಮಕ್ಕಳನ್ನು ಚೆಸ್ ಕ್ಲಾಸಿಗೆ ಸೇರಿಸುವ ಹುಮ್ಮಸ್ಸು ಎಲ್ಲೆಡೆ ಕಾಣುತ್ತಿದೆ. ಸಂತೋಷ. ಆದರೆ ಟೂರ್ನಿ ಹಾಲಿನ ಹೊರಗೆ ನಾನು ಕೇಳುವ ಮಾತು ಎರಡೇ ಬಗೆ: "ಆ ಟ್ರ್ಯಾಪ್ ಹಾಕಿದ್ಯಾ?" ಅಥವಾ "ದೊಡ್ಡ ರೇಟಿಂಗ್ ಹುಡುಗ, ಡ್ರಾ ಕೇಳ್ಬಿಡು ಪುಟ್ಟಾ." ಟ್ರ್ಯಾಪ್ ಕಲಿತ ಮಗು ಎದುರಾಳಿ ಬೀಳದಿದ್ದಾಗ ಕಂಗಾಲಾಗುತ್ತದೆ. ಡ್ರಾ ಕಲಿತ ಮಗು ಚೆನ್ನಾಗಿರುವ ಸ್ಥಿತಿಯಲ್ಲೂ ಹೆದರುತ್ತದೆ. ಎರಡೂ ಕಡೆ ಕಳೆದುಹೋಗುವುದು ಒಂದೇ: ಕೂತು ಯೋಚಿಸುವ ಖುಷಿ. ಚೆಸ್ ಬಿಡುವ ಮಕ್ಕಳಲ್ಲಿ ಎಷ್ಟೋ ಮಂದಿ ಸೋತು ಬಿಡುವುದಿಲ್ಲ, ಬೇಸರವಾಗಿ ಬಿಡುತ್ತಾರೆ ಅಂತ ನನಗನ್ನಿಸುತ್ತದೆ.

ಇದಕ್ಕೆ ದುಬಾರಿ ಕೋರ್ಸ್ ಏನೂ ಬೇಡ. ಒಂದು ತಿಂಗಳಿಗೆ ಒಂದು ರಚನೆ ತೆಗೆದುಕೊಳ್ಳಿ. ಹತ್ತನೇ ನಡೆಯ ಸ್ಥಿತಿಯನ್ನು ಬೋರ್ಡಿನಲ್ಲಿ ಇಟ್ಟು ಅಲ್ಲಿಂದಲೇ ಆಟ ಶುರು ಮಾಡಿ. ಒಮ್ಮೆ ಬಿಳಿ, ಒಮ್ಮೆ ಕಪ್ಪು. ಕಂಪ್ಯೂಟರನ್ನು ಆಟ ಮುಗಿದ ಮೇಲೆ ಮಾತ್ರ ಕೇಳಿ. ಅದು "ಸಮ" ಅಂತ ಹೇಳುವ ಸ್ಥಿತಿಯಲ್ಲೂ ಮನುಷ್ಯರಿಗೆ ಆಡಲು ಒಂದು ಕಡೆ ಸುಲಭ, ಇನ್ನೊಂದು ಕಡೆ ಕಷ್ಟ ಇರುತ್ತದೆ. ಎಕ್ಸ್‌ಚೇಂಜ್ ರಚನೆಯಲ್ಲಿ ಬಿ5, ಬಿ4 ಹೇಗೆ ತಳ್ಳಬೇಕೆಂದು ಗೊತ್ತಿದ್ದವರಿಗೆ ಕಪ್ಪು ಸುಲಭ. ಗೊತ್ತಿಲ್ಲದವರಿಗೆ ಎರಡೂ ಕಡೆ ಬೋರು.

ಪ್ರತಿ ಆಟವನ್ನೂ ಗೆಲ್ಲಬಹುದು ಅಂತ ನಾನು ಹೇಳುತ್ತಿಲ್ಲ. ಎದುರಾಳಿ ಸರಿಯಾಗಿ ಆಡಿದರೆ ಡ್ರಾ ನ್ಯಾಯವಾದ ಫಲಿತಾಂಶವೇ. ನಾನು ಈಗಲೂ ಕಾರೋ-ಕಾನ್ ಆಡಿ ಡ್ರಾ ಮಾಡಿಕೊಳ್ಳುತ್ತೇನೆ, ಒಮ್ಮೊಮ್ಮೆ ಸೋಲುತ್ತೇನೆ ಕೂಡ. ಆದರೆ ಮೊನ್ನೆ ಅದೇ ಎಕ್ಸ್‌ಚೇಂಜ್ ರಚನೆ ಬಂತು. 18ನೇ ನಡೆಗೆ ಎದುರಿನವರು ಡ್ರಾ ಕೇಳಿದರು. "ಸ್ವಲ್ಪ ಆಡೋಣ ಸಾರ್" ಅಂದು ಬಿ5 ತಳ್ಳಿದೆ. ಸಿ3 ಕಾಲಾಳು ಬಿದ್ದದ್ದು 37ನೇ ನಡೆಗೆ.